ದೇವರ ಪಟದ ಮುಂದೆ ಚಪ್ಪಲಿ ಬಿಟ್ಟ ಅತ್ತೆ

ಪ್ರಶ್ನೆ: ಸಾರ್ ನಮಸ್ಕಾರ. ನಾವು ಮದ್ದೂರು ಕಡೆಯವ್ರು. ಮಗನಿಗೆ ರಜ ಇತ್ತು ಅಂತ ಮನೆಯವ್ರೆಲ್ಲ ಮೈಸೂರಿಗೆ ಹೋಗಿದ್ವಿ, ಅಲ್ಲೊಂದು ಮ್ಯೂಸಿಯಮ್ಮಲ್ಲಿ ಹಳೇ ಕಾಲದ ದೇವರ ಪೇಂಟಿಂಗ್‌ಗಳ ಪ್ರದರ್ಶನ ಇಟ್ಟಿದ್ರು. ಮುಕ್ಕಾಲು ಗಂಟೇಲಿ ಎಲ್ಲಾ ನೋಡಿ ಮುಗಿಸ್ಬಿಟ್ವಿ. ನಿಜ ಹೇಳ್ಬೇಕು ಅಂದ್ರೆ ನಂಗೆ ಒಂದೂ ನೆನಪಿಲ್ಲ, ಎಲ್ಲಾದ್ರಲ್ಲೂ ಅದೇ ಬಂಗಾರ ಅದೇ ಮುಖ. ನಮ್ಮತ್ತೆ ಮಾತ್ರ ಒಂದು ರಾಮ ಪಟ್ಟಾಭಿಷೇಕದ ಮುಂದೆ ಚಪ್ಪಲಿ ಬಿಟ್ಟು, ಕೈ ಮುಗ್ದು, ವೈದೇಹೀಸಹಿತಂ ಶ್ಲೋಕ ಹೇಳ್ಕೊಂಡು ನಿಂತ್ಬಿಟ್ರು. ಸೆಕ್ಯೂರಿಟಿಯವ್ರು ಬಂದು ಅಜ್ಜಿ ಸ್ವಲ್ಪ ಹಿಂದೆ ನಿಂತ್ಕೊಳಿ ಅಂದ್ರು, ಸುತ್ತ ಇದ್ದೋರು ತಿರುಗಿ ನೋಡಿದ್ರು, ನಂಗೆ ಮುಜುಗರ ಆಗಿ ಕೈ ಹಿಡಿದು ಈಚೆ ಕರ್ಕೊಂಡು ಬಂದೆ. ಮಗ ಬೇರೆ ದೇವರಿಗೆಲ್ಲ ಯಾಕಮ್ಮ ಒಂದೇ ಮುಖ ಅಂತ ಕೇಳಿದ, ಉತ್ತರ ಗೊತ್ತಾಗ್ಲಿಲ್ಲ. ಇಂಥ ಪ್ರದರ್ಶನ ನೋಡೋದು ಹೇಗೆ ಸಾರ್? ಇನ್ನೊಂದು, ನಮ್ಮ ದೇವರ ಮನೇಲೂ ಮಾವನವರ ತಾತನ ಕಾಲದ್ದು ಅಂತ ಒಂದು ಪಟ್ಟಾಭಿಷೇಕದ ಪಟ ಇದೆ, ಅಲ್ಲಲ್ಲಿ ಕಪ್ಪಾಗಿದೆ, ಒರೆಸಬಹುದಾ? ಒಬ್ರು ಬಂದು ನಾವು ತಗೋತೀವಿ ಕೊಡಿ ಅಂತ ಎರಡು ಸಲ ಕೇಳಿ ಹೋಗಿದ್ದಾರೆ.

ಉತ್ತರ: ನೋಡಿಮ್ಮ, ಮೊದಲು ಒಂದು ಮಾತು ಹೇಳ್ಬಿಡ್ತೀನಿ, ಬೇಜಾರು ಮಾಡ್ಕೋಬೇಡಿ. ಅವತ್ತು ನಿಮ್ಮನೆಯವ್ರಲ್ಲಿ ಪ್ರದರ್ಶನ ನೋಡಿದ್ದು ನಿಮ್ಮತ್ತೆ ಒಬ್ರೇ. ನೀವು ನಡ್ಕೊಂಡು ಹೋದ್ರಿ, ಅವ್ರು ನೋಡಿದ್ರು. ತಮಾಷೆಗೆ ಹೇಳ್ತಿಲ್ಲ, ನಾನು ಮೂವತ್ತು ವರ್ಷದಿಂದ ಮೈಸೂರು ಸಾಂಪ್ರದಾಯಿಕ ಶೈಲಿ ಬರೀತಾ, ಬರೆಯೋದು ಕಲಿಸ್ತಾ ಇರೋನು, ಆ ಪಟದ ಮುಂದೆ ನಿಂತು ಅವ್ರು ಹೇಳ್ಕೊಂಡ್ರಲ್ಲ ಆ ಶ್ಲೋಕ, ಅದೇ ಆ ಚಿತ್ರದ ಪ್ಲಾನು. ಮನೆ ಕಟ್ಟೋಕೆ ಮೇಸ್ತ್ರಿ ಕೈಗೆ ನಕ್ಷೆ ಕೊಡ್ತಾರಲ್ಲ ಹಾಗೆ ಚಿತ್ರ ಬರೆಯೋನಿಗೆ ಧ್ಯಾನಶ್ಲೋಕ. ನಿಮ್ಮತ್ತೆ ನಕ್ಷೆ ಹಿಡ್ಕೊಂಡು ಮನೆ ನೋಡ್ತಿದ್ರು, ನೀವು ಕೈ ಹಿಡಿದು ಎಳ್ಕೊಂಡು ಬಂದ್ರಿ.

ಒಂದೊಂದೇ ಪದ ಬಿಡಿಸಿ ನೋಡೋಣ, ಮುಂದಿನ ಸಲ ಹೋದಾಗ ನೀವೇ ಹೋಲಿಸಿ ನೋಡ್ಬಹುದು. ವೈದೇಹೀಸಹಿತಂ, ಅಂದ್ರೆ ಸೀತೆ ಜೊತೇಲಿರ್ಬೇಕು, ಅದಕ್ಕೇ ರಾಮ ಸೀತೆ ಒಂದೇ ಪೀಠದ ಮೇಲೆ. ಸುರದ್ರುಮತಲೇ, ಕಲ್ಪವೃಕ್ಷದ ಕೆಳಗೆ. ಮಂಟಪದ ಹಿಂದೆ ಮೇಲ್ಗಡೆ ಮರದ ಎಲೆಗಳು ಇಣುಕ್ತಾ ಇದ್ರೆ ಅದು ಸುಮ್ನೆ ಅಲಂಕಾರಕ್ಕೆ ಬರೆದಿದ್ದಲ್ಲ. ಹೈಮೇ ಮಹಾಮಂಡಪೇ, ಚಿನ್ನದ ದೊಡ್ಡ ಮಂಟಪ. ಎಲ್ಲಾದ್ರಲ್ಲೂ ಅದೇ ಬಂಗಾರ ಅಂದ್ರಲ್ಲ, ಇಲ್ಲಿ ಬಂಗಾರ ಹಚ್ಚಿರೋದು ಶ್ರೀಮಂತಿಕೆ ತೋರ್ಸೋಕಲ್ಲ, ಶ್ಲೋಕದಲ್ಲೇ ಹೇಮ ಅಂತ ಇದೆ, ಹಚ್ಚದೇ ಇದ್ರೆ ಚಿತ್ರ ತಪ್ಪು. ಪುಷ್ಪಕದ ನಡುವೆ ಮಣಿಮಯವಾದ ಆಸನ, ಅದಕ್ಕೇ ಪೀಠದ ತುಂಬ ಕೆಂಪು ಹಸಿರು ಕಲ್ಲು ಕೂರ್ಸಿದ ಹಾಗೆ ಚುಕ್ಕಿ. ಆಮೇಲೆ ಬರೋದು ನಂಗೆ ಬಹಳ ಇಷ್ಟವಾದ ಭಾಗ, ಅಗ್ರೇ ವಾಚಯತಿ ಪ್ರಭಂಜನಸುತೇ. ಪ್ರಭಂಜನ ಅಂದ್ರೆ ಗಾಳಿ, ಅವನ ಮಗ ನಮ್ಮ ಆಂಜನೇಯ, ಅವನು ರಾಮನ ಎದುರಿಗೆ ಕೂತು ಓದ್ತಾ ಇದ್ದಾನೆ. ಈ ಶ್ಲೋಕ ಹಿಡಿದು ಬರೆದ ಪಟಗಳಲ್ಲಿ ಹನುಮಂತನ ಕೈಲಿ ಗದೆ ಇರಲ್ಲ, ತಾಳೆಗರಿ ಇಲ್ಲಾ ಪುಸ್ತಕ ಇರುತ್ತೆ. ಲಂಕೆ ಸುಟ್ಟು ಬಂದೋನು ಸ್ಕೂಲ್ ಹುಡುಗನ ಹಾಗೆ ಪಾಠ ಓದ್ತಾ ಕೂತಿರ್ತಾನೆ. ನಿಮ್ಮ ಮಗನಿಗೆ ಇದನ್ನ ಮೊದಲು ತೋರ್ಸಿ.

ಹನುಮಂತ ಓದಿದ್ದಕ್ಕೆ ರಾಮ ಋಷಿಗಳಿಗೆ ಅರ್ಥ ಹೇಳ್ತಾ ಇದ್ದಾನೆ, ವ್ಯಾಖ್ಯಾಂತಂ ಅಂತ ಇದೆಯಲ್ಲ ಅದು. ಹಾಗಾಗಿ ಅಲ್ಲಿ ರಾಮನ ಬಲಗೈ ನೋಡಿ, ಬಿಲ್ಲೂ ಇಲ್ಲ ಬಾಣವೂ ಇಲ್ಲ, ಹೆಬ್ಬೆರಳು ತೋರುಬೆರಳು ಸೇರ್ಸಿ ಎದೆ ಹತ್ರ ಹಿಡಿದಿರ್ತಾನೆ, ಮೇಷ್ಟ್ರು ಪಾಠ ಮಾಡೋವಾಗ ಕೈ ಹಿಡಿಯೋ ಹಾಗೆ. ಪಟ್ಟಾಭಿಷೇಕ ಅಂತ ನಾವು ಕರೀತೀವಿ ನಿಜ, ಆದ್ರೆ ಈ ಶ್ಲೋಕದ ಚಿತ್ರದಲ್ಲಿ ನಡೀತಿರೋದು ಪಾಠ. ಸಿಂಹಾಸನದ ಮೇಲೆ ಕೂತ ರಾಜ ದರ್ಬಾರು ಬಿಟ್ಟು ತತ್ತ್ವ ಹೇಳ್ತಿದ್ದಾನೆ. ಈ ಕೈ ಒಂದನ್ನ ಗಮನಿಸಿಲ್ಲ ಅಂದ್ರೆ ಇಡೀ ಚಿತ್ರ ಕೈ ತಪ್ಪಿ ಹೋಯ್ತು. ಕೊನೇಲಿ ಭರತಾದಿಗಳು ಸುತ್ತ, ಛತ್ರಿ ಹಿಡಿದೋರು ಚಾಮರ ಬೀಸೋರು, ಅವ್ರೆಲ್ಲ ಎಲ್ಲರಿಗೂ ಗೊತ್ತು. ರಾಮಂ ಭಜೇ ಶ್ಯಾಮಲಂ, ಬಣ್ಣನೂ ಹೇಳಿ ಮುಗಿಸ್ತು. ಒಂದು ಶ್ಲೋಕದಲ್ಲಿ ಜಾಗ, ಮರ, ಮಂಟಪ, ಪೀಠ, ಕೈ, ಸುತ್ತ ಇರೋ ಜನ, ಮೈಬಣ್ಣ ಎಲ್ಲಾ ಬಂತು. ದಿನಾ ಬೆಳಿಗ್ಗೆ ಹೇಳ್ಕೊಳೋರಿಗೆ ಆ ಪಟ ಕಂಡ ತಕ್ಷಣ ಕಾಲು ತಾನಾಗೇ ನಿಲ್ಲುತ್ತೆ, ಅದ್ರಲ್ಲಿ ಮುಜುಗರ ಏನು ಬಂತು.

ನನ್ನ ಸಲಹೆ ಇಷ್ಟೇ, ಮುಂದಿನ ಸಲ ಎಲ್ಲಾ ನೋಡೋ ಆಸೆ ಬಿಟ್ಬಿಡಿ. ಒಂದು ಸುತ್ತು ಹಾಗೇ ಬನ್ನಿ, ಎಲ್ಲೂ ನಿಲ್ಬೇಡಿ. ಆಮೇಲೆ ವಾಪಸ್ ಹೋಗಿ ನಾಲ್ಕೇ ನಾಲ್ಕು ಪಟ ಆರ್ಸ್ಕೊಳಿ, ನಿಮ್ಮನೇಲಿ ಯಾರಿಗಾದ್ರೂ ಶ್ಲೋಕ ಬಾಯಿಗೆ ಬರೋ ದೇವರ ಪಟಾನೇ ಆಗಿರ್ಲಿ. ಒಂದೊಂದಕ್ಕೆ ಹತ್ತು ನಿಮಿಷ. ಅತ್ತೆ ಶ್ಲೋಕ ಹೇಳ್ಲಿ, ನೀವು ಅರ್ಥ ಹೇಳಿ, ಮಗ ಚಿತ್ರದಲ್ಲಿ ಹುಡುಕ್ಲಿ. ಸರಸ್ವತಿ ಆದ್ರೆ ಯಾ ಕುಂದೇಂದು ಶ್ಲೋಕ, ಬಿಳೀ ಸೀರೆ ಇದ್ಯಾ, ವೀಣೆ ಇದ್ಯಾ, ಬಿಳೀ ತಾವರೆ ಮೇಲೇ ಕೂತಿದ್ದಾಳಾ. ಶಾಂತಾಕಾರಂ ಭುಜಗಶಯನಂ ಅಂದ್ರೆ ನಿಮ್ಮ ಪಕ್ಕದ ಶ್ರೀರಂಗಪಟ್ಟಣದ ರಂಗನಾಥನ ಹಾಗೇ ಹಾವಿನ ಮೇಲೆ ಮಲಗಿರೋನು, ಶ್ಲೋಕದ ಪ್ರಕಾರ ಹೊಕ್ಕುಳಿಂದ ಪದ್ಮ. ಮಕ್ಕಳಿಗೆ ಇದು ಆಟ ಆಗ್ಬಿಡುತ್ತೆ, ನಮ್ಮ ಕ್ಲಾಸಿಗೆ ಬರೋ ಹುಡುಗ್ರ ಹತ್ರ ಮೊದಲ ವಾರ ನಾನು ಇದನ್ನೇ ಮಾಡಿಸೋದು, ಬ್ರಶ್ ಮುಟ್ಟೋಕೆ ಬಿಡಲ್ಲ.

ಈಗ ನಿಮ್ಮ ಮಗನ ಪ್ರಶ್ನೆ. ಒಳ್ಳೇ ಪ್ರಶ್ನೆ ಅದು, ಬೈದು ಸುಮ್ನಿರ್ಸಿಲ್ಲ ತಾನೆ? ದೇವರಿಗೆಲ್ಲ ಒಂದೇ ಮುಖ ಯಾಕೆ ಅಂದ್ರೆ ಅದು ಯಾರದ್ದೋ ಒಬ್ಬರ ಮುಖ ಅಲ್ಲ, ಅಳತೆ. ನಮ್ಮಲ್ಲಿ ತಾಳ ಅಂತ ಲೆಕ್ಕ, ಮುಖದ ಉದ್ದ ಒಂದು ತಾಳ. ದೇವಿಗೆ ನವತಾಳ ಅಂದ್ರೆ ಮೈ ಉದ್ದ ಒಂಬತ್ತು ಮುಖದಷ್ಟು, ವಿಷ್ಣು ಶಿವರಿಗೆ ದಶತಾಳ, ಗಣಪತಿಗೆ ಐದು, ಅದಕ್ಕೇ ಅವನು ಅಷ್ಟು ಕುಳ್ಳಗೆ ಗುಂಡಗೆ. ಆ ಅಳತೆ ಮೇಲೆ ಮೀನಿನ ಹಾಗೋ ತಾವರೆ ಎಸಳಿನ ಹಾಗೋ ಕಣ್ಣು, ಬಿಲ್ಲಿನ ಹಾಗೆ ಹುಬ್ಬು. ರಾಮನ ಮುಖ ನೋಡಿ ಪಕ್ಕದ ಮನೆ ಯಾರೋ ನೆನಪಾಗಬಾರದು ಅನ್ನೋದೇ ಉದ್ದೇಶ. ಗುರುತು ಹಿಡಿಯೋಕೆ ಮುಖ ನೋಡ್ಬಾರ್ದು, ಕೈ ನೋಡ್ಬೇಕು. ನಮ್ಮ ಗುರುಗಳು ನನ್ನ ಹತ್ರ ಮೊದಲ ಆರು ತಿಂಗಳು ಬರೀ ಕೈ ಬರೆಸಿದ್ರು, ಅಭಯ, ವರದ, ಶಂಖ ಹಿಡಿಯೋ ಕೈ, ಚಕ್ರ ಬೆರಳ ಮೇಲೆ ನಿಲ್ಸೋ ಕೈ, ನಂಗೆ ತಲೆ ಕೆಟ್ಟು ಹೋಗಿತ್ತು, ಒಂದು ದಿನ ಕೇಳೇಬಿಟ್ಟೆ ಮುಖ ಯಾವಾಗ ಸಾರ್ ಅಂತ, ಕೈ ಸರಿಯಾದ್ರೆ ಮುಖ ಯಾರು ಬೇಕಾದ್ರೂ ಬರೀತಾರೆ ಹೋಗೋ ಅಂದ್ರು. ಆಮೇಲೆ ವಾಹನ ನೋಡ್ಬೇಕು, ಮೈಬಣ್ಣ ನೋಡ್ಬೇಕು. ಇಷ್ಟು ಸಾಕು, ಹತ್ತರಲ್ಲಿ ಎಂಟು ದೇವರು ಗೊತ್ತಾಗ್ತಾರೆ.

ಈ ಲೆಕ್ಕ ಎಲ್ಲಾ ಒಂದು ಕಡೆ ಕೂಡಿಟ್ಟೋರು ಮುಮ್ಮಡಿ ಕೃಷ್ಣರಾಜ ಒಡೆಯರು. 1794ರಲ್ಲಿ ಹುಟ್ಟಿ 1868ರವರೆಗೆ ಬದುಕಿದ್ದೋರು. ಬ್ರಿಟಿಷರು 1831ರಲ್ಲಿ ರಾಜ್ಯಭಾರ ಕಿತ್ಕೊಂಡ ಮೇಲೂ ಅರಮನೇಲಿ ಕವಿಗಳು, ಚಿತ್ರಕಾರರು, ಗಂಜೀಫಾ ಅನ್ನೋ ಇಸ್ಪೀಟಿನ ಥರದ ಆಟದ ಎಲೆ ಬರೆಯೋರು ಎಲ್ಲರನ್ನೂ ಸಾಕಿದ್ರು. ಅವ್ರು ಮಾಡಿಸಿದ ಶ್ರೀತತ್ತ್ವನಿಧಿ ಅನ್ನೋ ಗ್ರಂಥದಲ್ಲಿ ಒಂಬತ್ತು ನಿಧಿ, ಅಂದ್ರೆ ಒಂಬತ್ತು ಭಾಗ, ಶಕ್ತಿನಿಧಿ, ವಿಷ್ಣುನಿಧಿ, ಶಿವನಿಧಿ, ಗ್ರಹನಿಧಿ ಹೀಗೆ. ಯಾವ ದೇವರಿಗೆ ಎಷ್ಟು ಕೈ, ಯಾವ ಕೈಲಿ ಏನು, ಬಣ್ಣ ಯಾವುದು, ಶ್ಲೋಕ ಚಿತ್ರ ಎರಡೂ ಇದೆ. ಕೌತುಕನಿಧೀಲಿ 122 ಯೋಗಾಸನಗಳ ಚಿತ್ರ ಇದೆ ಅಂದ್ರೆ ನಂಬ್ತೀರಾ, ಅದೂ ಇದೆ. ಗಣಪತಿಯ 32 ರೂಪ ಕೊಟ್ಟಿದ್ದಾರೆ, ನಂಜನಗೂಡು ದೇವಸ್ಥಾನದಲ್ಲಿ ಆ 32 ಗಣಪತಿಗಳನ್ನ ವಿಗ್ರಹವಾಗೇ ನೋಡ್ಬಹುದು. ಹುಡುಗನ್ನ ಕರ್ಕೊಂಡು ಹೋಗಿ, ಎರಡು ಗಣಪತಿ ಪಕ್ಕ ಪಕ್ಕ ನಿಲ್ಸಿ ಯಾವ ಕೈಲಿ ಏನು ಬದಲಾಗಿದೆ ಹುಡುಕು ಅನ್ನಿ, ಒಂದೇ ಮುಖ ಅನ್ನೋ ದೂರು ಅಲ್ಲೇ ಮುಗಿಯುತ್ತೆ.

ಹಾಗಂತ ಬರೆಯೋನಿಗೆ ಸ್ವಾತಂತ್ರ್ಯವೇ ಇಲ್ಲ ಅಂತಲ್ಲ. ನಡುವೆ ಇರೋ ದೇವರ ಮೇಲೆ ಶಾಸ್ತ್ರದ ಹಿಡಿತ ಬಿಗಿ, ಅಂಚಿಗೆ ಬರ್ತಾ ಬರ್ತಾ ಹಿಡಿತ ಸಡಿಲ ಆಗುತ್ತೆ. ಹಾಗಾಗಿ ಮೂಲೆಗಳನ್ನ ನೋಡಿ. ಕೆಳಗಡೆ ಎಡ ಬಲದಲ್ಲಿ ಕೂತ ಋಷಿಗಳು, ಒಬ್ಬನ ಗಡ್ಡ ಒಂದು ಥರ, ಒಬ್ಬ ನಿದ್ದೆಗಣ್ಣಲ್ಲಿ, ಇನ್ನೊಬ್ಬ ಪಕ್ಕದೋನ ಕಿವೀಲಿ ಏನೋ ಹೇಳೋ ಹಾಗೆ. ಕಪಿಗಳಂತೂ ಕೇಳಲೇಬೇಡಿ. ಪರದೆಯ ಗೊಂಡೆ, ರೇಷ್ಮೆಯ ಜರಿ ಅಂಚು, ಕಂಬದ ಕೆತ್ತನೆ, ಇದ್ರಲ್ಲೆಲ್ಲ ದರ್ಬಾರು ಕಣ್ಣಾರೆ ಕಂಡ ಕೈ ಗೊತ್ತಾಗುತ್ತೆ. ಅಯೋಧ್ಯೆ ಅಂತ ಬರೆದಿರ್ತಾರೆ, ಒಳಗೆ ಕೂತಿರೋದು ಮೈಸೂರು.

ಇನ್ನು ಬಂಗಾರದ ವಿಷಯ, ಇದು ಸ್ವಲ್ಪ ಉದ್ದ ಆಗುತ್ತೆ. ನೀವು ಪಟದ ನೇರ ಎದುರಿಗೆ ನಿಂತು ನೋಡಿದ್ರಿ ಅನ್ಸುತ್ತೆ. ಹಾಗೆ ನಿಂತ್ರೆ ಚಿನ್ನ ಬರೀ ಹಳದಿಯಾಗಿ ಕಾಣುತ್ತೆ. ಒಂದು ಹೆಜ್ಜೆ ಪಕ್ಕಕ್ಕೆ ಹೋಗಿ, ಸ್ವಲ್ಪ ಬಗ್ಗಿ, ಓರೆಯಾಗಿ ನೋಡಿ. ಆಗ ಒಡವೆ ಎಲ್ಲಾ ಎದ್ದು ಕೂರುತ್ತೆ. ಯಾಕಂದ್ರೆ ಅದು ಬಣ್ಣ ಅಲ್ಲ, ಉಬ್ಬು ಕೆಲಸ, ಜೆಸ್ಸೊ ಅಂತೀವಿ. ಹಿಂದಿನೋರು ಸಫೇದ ಅಂದ್ರೆ ಸೀಸದ ಬಿಳೀ ಪುಡಿ, ರೇವಲ್‌ಚಿನ್ನಿ ಅನ್ನೋ ಹಳದೀ ರಾಳ, ಅಂಟು, ಇದನ್ನೆಲ್ಲ ಅರೆದು ಅರೆದು ಬೆಣ್ಣೆ ಥರ ಮಾಡ್ತಿದ್ರು. ಅದನ್ನ ಸಣ್ಣ ಬ್ರಶ್ಶಲ್ಲಿ ತೆಗೆದು ಸರ, ಕಿರೀಟ, ಅಂಚು ಎಲ್ಲಾ ಎಳೆ ಎಳೆಯಾಗಿ ಉಬ್ಬಿಸಿ, ಅದ್ರ ಮೇಲೆ ಚಿನ್ನದ ರೇಕು ಕೂರ್ಸೋದು. ಕೊನೇಲಿ ತೆಳು ಕಾಗದ ಹಾಸಿ ನಯವಾದ ಕಲ್ಲಲ್ಲಿ ಮೆಲ್ಲಗೆ ಉಜ್ಜಿದ್ರೆ ಹೊಳಪು ಬರೋದು. ಮೊದಲ ಗೆರೆ ಎಳೆಯೋಕೆ ಹುಣಸೆ ಕಡ್ಡಿ ಸುಟ್ಟ ಇದ್ದಿಲು, ಬ್ರಶ್ಶಿಗೆ ಅಳಿಲಿನ ಕೂದಲು. ಬಣ್ಣ ಹಚ್ಚೋದ್ರಲ್ಲೂ ಕ್ರಮ ಇತ್ತು, ಮೊದಲು ಆಕಾಶ ಬೆಟ್ಟ ನದಿ, ಆಮೇಲೆ ಪ್ರಾಣಿ ಜನ, ಮುಖ ಒಡವೆ ಎಲ್ಲಾ ಕೊನೇಗೆ. ಈಗ ಸೀಸದ ಪುಡಿ ವಿಷ ಅಂತ ನಾವ್ಯಾರೂ ಮುಟ್ಟಲ್ಲ, ಬೇರೆ ಬಿಳೀ ಪುಡಿ ಬಳಸ್ತೀವಿ.

ತಂಜಾವೂರು ಪಟ ಪಕ್ಕದಲ್ಲಿ ಇಟ್ಟಿದ್ರೆ ವ್ಯತ್ಯಾಸ ಓರೆ ನೋಟದಲ್ಲೇ ಗೊತ್ತಾಗುತ್ತೆ. ಅವ್ರದ್ದು ಉಬ್ಬು ದಪ್ಪ, ಗಾಜಿನ ಕಲ್ಲು ಕೂರ್ಸಿರ್ತಾರೆ, ಮರದ ಹಲಗೆ ಮೇಲೆ ಬಟ್ಟೆ, ದೇವರು ಗುಂಡುಗುಂಡಗೆ, ದೂರದಿಂದಲೇ ಫಳಫಳ. ನಮ್ಮದ್ರಲ್ಲಿ ಉಬ್ಬು ತೆಳು, ಹೆಚ್ಚಾಗಿ ಕಾಗದದ ಮೇಲೆ ಬರೆದು ಹಲಗೆಗೆ ಅಂಟಿಸಿರೋದು, ಹತ್ರ ಹೋಗದೆ ಮರ್ಮ ಬಿಟ್ಟುಕೊಡಲ್ಲ. ನಾನು ಮೈಸೂರಿನೋನು, ನನ್ನ ಮಾತಲ್ಲಿ ಪಕ್ಷಪಾತ ಇರುತ್ತೆ ಅಂತ ಇಟ್ಕೊಳಿ.

ಅಂದ್ರೆ ಈ ಪಟಗಳು ಹುಟ್ಟಿದ್ದು ಎಣ್ಣೆ ದೀಪಕ್ಕೆ, ಟ್ಯೂಬ್‌ಲೈಟಿಗಲ್ಲ. ದೇವರ ಮನೆ ಕತ್ತಲಲ್ಲಿ ದೀಪದ ಕುಡಿ ಅಲ್ಲಾಡಿದ ಹಾಗೆ ಆ ಉಬ್ಬಿನ ಮೇಲೆ ಬೆಳಕೂ ಅಲ್ಲಾಡುತ್ತೆ, ಹಾರ ಮಿಂಚುತ್ತೆ, ಆರುತ್ತೆ. ಮ್ಯೂಸಿಯಮ್ಮಲ್ಲಿ ದೀಪ ಅಲ್ಲಾಡಲ್ಲ, ಹಾಗಾಗಿ ನಾವು ಅಲ್ಲಾಡ್ಬೇಕು, ಎಡಕ್ಕೆ ಒಂದು ಹೆಜ್ಜೆ, ಬಲಕ್ಕೆ ಒಂದು ಹೆಜ್ಜೆ. ಯಾರಾದ್ರೂ ನೋಡಿ ಇವ್ರಿಗೇನಾಯ್ತು ಅಂದ್ಕೊಂಡ್ರೆ ಅಂದ್ಕೊಳ್ಲಿ ಬಿಡಿ. ಅಲ್ಲಿ ಬೆಳಕು ಕಮ್ಮಿ ಅಂತ ಬಹಳ ಜನ ಗೊಣಗ್ತಾರೆ, ಕರೆಂಟ್ ಉಳಿಸೋಕಲ್ಲ ಅದು. ಕಾಗದದ ಮೇಲಿನ ಬಣ್ಣಕ್ಕೆ ಬೆಳಕೇ ಶತ್ರು, ಇಂಥವಕ್ಕೆ ಬೆಳಕಿನ ಅಳತೇಲಿ 50 ಲಕ್ಸ್ ದಾಟಬಾರದು ಅನ್ನೋದು ಸಂರಕ್ಷಣೆಯವರ ವಾಡಿಕೆ, ನಮ್ಮ ಹಾಲಲ್ಲಿ ಸಂಜೆ ಹಾಕೋ ಲೈಟಿಗಿಂತ ಕಮ್ಮಿ. ಬಿಸಿಲಿಂದ ಒಳಗೆ ಹೋದ ತಕ್ಷಣ ಏನೂ ಕಾಣಲ್ಲ, ಐದು ನಿಮಿಷ ಸುಮ್ನೆ ಕೂತ್ಕೊಂಡು ಕಣ್ಣು ಹೊಂದ್ಕೊಂಡ ಮೇಲೆ ಶುರು ಮಾಡಿ. ಮೊಬೈಲ್ ಟಾರ್ಚು ಹಾಕ್ಬೇಡಿ, ಫ್ಲ್ಯಾಶು ಬೇಡವೇ ಬೇಡ.

ಸೆಕ್ಯೂರಿಟಿಯವ್ರು ಹಿಂದೆ ನಿಲ್ಲಿ ಅಂದಿದ್ದು ಭಕ್ತಿಗೆ ಅಡ್ಡಿ ಮಾಡೋಕಲ್ಲ, ಅದನ್ನ ಅತ್ತೆಗೆ ಸಮಾಧಾನವಾಗಿ ಹೇಳಿ. ಕೈ ಮುಗಿದ್ರೆ ಪಟಕ್ಕೆ ಏನೂ ಆಗಲ್ಲ, ಚಪ್ಪಲಿ ಬಿಟ್ರೂ ಯಾರಿಗೂ ತೊಂದ್ರೆ ಇಲ್ಲ, ದಾರೀಲಿ ಬಿಟ್ಟು ಯಾರಾದ್ರೂ ಎಡವದೇ ಇದ್ರೆ ಸರಿ. ಮುಟ್ಟಿ ಕಣ್ಣಿಗೆ ಒತ್ಕೊಳೋದು, ಫ್ರೇಮಿನ ಸಂದೀಲಿ ಹೂವು ಸಿಗಿಸೋದು, ಕುಂಕುಮ ಇಡೋದು, ಇದು ಮಾತ್ರ ಬೇಡ. ಬೆರಳಲ್ಲಿ ಎಣ್ಣೆ ಬೆವರು ಇರುತ್ತೆ, ಹೂವಲ್ಲಿ ನೀರು ಹುಳು ಎರಡೂ ಇರುತ್ತೆ. ಪೂಜೆಯಿಂದಲೇ ಹಾಳಾದ ಪಟಗಳನ್ನ ಎಷ್ಟು ನೋಡಿದ್ದೀನಿ ಅಂದ್ರೆ, ದೇವರ ಪಾದದ ಹತ್ರ ಕುಂಕುಮದ ಕೆಂಪು ಕಾಗದದ ಒಳಗೇ ಇಳಿದು ಹೋಗಿರುತ್ತೆ, ತೆಗೆಯೋಕೆ ಯಾರಪ್ಪನಿಂದಲೂ ಆಗಲ್ಲ. ಒಂದು ಕಡೆ ಹೊಟ್ಟೆ ಉರಿಯುತ್ತೆ, ಇನ್ನೊಂದು ಕಡೆ ಆ ಕಲೆ ನೋಡ್ತಾ ನೋಡ್ತಾ ಯಾವ ಅಜ್ಜಿ ಎಷ್ಟು ವರ್ಷ ಬೆರಳು ಇಟ್ಟಿದ್ರೋ ಅನ್ಸಿ ಕಲೆಯೂ ಚಿತ್ರದ್ದೇ ಭಾಗ ಅನ್ನಿಸಿಬಿಡುತ್ತೆ.

ಮುಂದಿನ ಸಲ ಮೈಸೂರಿಗೆ ಬಂದಾಗ ಜಗನ್ಮೋಹನ ಅರಮನೆಗೂ ಹೋಗಿ. 1861ರಲ್ಲಿ ಕಟ್ಟಿದ್ದು, 1897ರಲ್ಲಿ ಹಳೇ ಮರದ ಅರಮನೆ ಸುಟ್ಟು ಹೋದಾಗ ರಾಜಮನೆತನದೋರು ಇದ್ದಿದ್ದು ಇಲ್ಲೇ, 1902ರಲ್ಲಿ ನಾಲ್ವಡಿಯವ್ರಿಗೆ ಅಧಿಕಾರ ಕೊಟ್ಟಿದ್ದೂ ಇಲ್ಲೇ, 1915ರಲ್ಲಿ ಚಿತ್ರಶಾಲೆ ಆಯ್ತು. ಅಲ್ಲಿ ನಮ್ಮ ಸಾಂಪ್ರದಾಯಿಕ ಪಟ ನೋಡಿದ ಕಣ್ಣಲ್ಲೇ ನೇರ ರಾಜಾ ರವಿವರ್ಮನ ಮುಂದೆ ಹೋಗಿ ನಿಲ್ಲಿ. 1906ರಲ್ಲಿ ತೀರ್ಕೊಂಡ್ರು ಅವ್ರು, ಕೊನೇ ವರ್ಷಗಳಲ್ಲಿ ಮೈಸೂರಿಗೆ ಅಂತ ಪುರಾಣದ ಚಿತ್ರ ಬರ್ಕೊಟ್ರು, ಸಮುದ್ರ ದಾರಿ ಬಿಡ್ಲಿಲ್ಲ ಅಂತ ಸಿಟ್ಟಾಗಿ ಬಿಲ್ಲು ಎತ್ತಿದ ರಾಮ ಅದ್ರಲ್ಲಿ ಒಂದು. ಅದೇ ರಾಮ ಆದ್ರೆ ಇಲ್ಲಿ ಗಾಳಿ ಬೀಸ್ತಿದೆ, ಬಟ್ಟೆ ಹಾರ್ತಿದೆ, ಬೆಳಕು ಒಂದೇ ಕಡೆಯಿಂದ ಬಂದು ಇನ್ನೊಂದು ಕಡೆ ನೆರಳು ಬಿದ್ದಿದೆ. ನಮ್ಮ ಹಳೇ ಪಟದಲ್ಲಿ ನೆರಳೇ ಇರಲ್ಲ ಗಮನಿಸಿದ್ದೀರಾ? ದೇವರೇ ಬೆಳಕು ಅಂದ ಮೇಲೆ ನೆರಳು ಎಲ್ಲಿಂದ ಬೀಳ್ಬೇಕು. ರವಿವರ್ಮನ ಸರಸ್ವತಿ ಎಲ್ಲರ ಮನೇಲೂ ಕ್ಯಾಲೆಂಡರಲ್ಲಿ ಇದ್ದಾಳಲ್ಲ, ಅವಳು ಕೂತಿರೋದು ತಾವರೆ ಮೇಲಲ್ಲ, ಬಂಡೆ ಮೇಲೆ. ಶ್ಲೋಕ ಬಿಟ್ಟು ಕಣ್ಣಿಗೆ ಕಂಡ ಲೋಕದ ಕಡೆ ತಿರುಗಿದ ಕೈ ಅದು. ತಪ್ಪು ಸರಿ ಅಂತಲ್ಲ, ನಂಗೆ ಎರಡೂ ಬೇಕು, ಆದ್ರೆ ನಮ್ಮ ಶೈಲಿ ಬರೆಯೋರಿಗೆ ಅನ್ನ ಕಮ್ಮಿ ಆಗಿದ್ದು ಆ ಪ್ರಿಂಟುಗಳು ಬಂದ ಮೇಲೇ. 1894ರಲ್ಲಿ ಮುಂಬಯಿಯಲ್ಲಿ ಅವ್ರ ಪ್ರೆಸ್ ಶುರು ಆಯ್ತು, ಕೈಯಲ್ಲಿ ಬರೆಸೋಕೆ ಆಗದ ಮನೆಗೂ ಲಕ್ಷ್ಮಿ ಸರಸ್ವತಿ ಪಟ ಬಂತು. ಅದನ್ನ ಬೇಡ ಅನ್ನೋಕೆ ನಾನ್ಯಾರು.

ಹಾಂ, ಜಗನ್ಮೋಹನದಲ್ಲೇ ದೀಪ ಹಿಡಿದ ಹೆಂಗಸಿನ ಚಿತ್ರ ಇದೆ, ಕತ್ತಲೆ ಕೋಣೇಲಿ ನೋಡ್ಬೇಕು, ಎಲ್ಲರೂ ರವಿವರ್ಮ ರವಿವರ್ಮ ಅಂತಾರೆ. ಅದು ಹಳದಣಕರ್ ಅನ್ನೋ ಚಿತ್ರಕಾರರದ್ದು, ಮಗಳನ್ನೇ ನಿಲ್ಸಿ ನೀರುಬಣ್ಣದಲ್ಲಿ ಬರೆದಿದ್ದು. ಗೈಡು ಬೇರೆ ಏನಾದ್ರೂ ಹೇಳಿದ್ರೆ ನಕ್ಕು ಸುಮ್ನಾಗಿ.

ಅರಮನೆ ಕೋಟೆ ಒಳಗೆ ಪ್ರಸನ್ನ ಕೃಷ್ಣಸ್ವಾಮಿ ದೇವಸ್ಥಾನದಲ್ಲಿ ಮುಮ್ಮಡಿಯವರ ಕಾಲದ ಗೋಡೆ ಚಿತ್ರಗಳಿವೆ, ಅದೂ ಒಂದು ಪ್ರದರ್ಶನವೇ, ಚಪ್ಪಲಿ ಹೇಗೂ ಬಿಡ್ಲೇಬೇಕು, ಅತ್ತೆಗೂ ನೆಮ್ಮದಿ. ಟೈಮ್ ಇದ್ರೆ ಸೇಂಟ್ ಫಿಲೋಮಿನಾ ಚರ್ಚಿಗೂ ಹೋಗ್ಬನ್ನಿ, ಅಲ್ಲಿ ಯೇಸುವಿನ ಕಥೆಯನ್ನ ಬಣ್ಣದ ಗಾಜಿನ ಕಿಟಕಿಗಳಲ್ಲಿ ಬರೆದಿದ್ದಾರೆ, ಬಿಸಿಲು ಇರೋ ಹೊತ್ತಲ್ಲೇ ಹೋಗ್ಬೇಕು. ನಮ್ಮ ಪಟದಲ್ಲಿ ಬೆಳಕು ಚಿನ್ನದ ಮೇಲೆ ಬಿದ್ದು ವಾಪಸ್ ಬರುತ್ತೆ, ಅಲ್ಲಿ ಬೆಳಕು ಚಿತ್ರದ ಒಳಗಿಂದಲೇ ಹಾದು ಬರುತ್ತೆ. ಹುಡುಗನಿಗೆ ಎರಡನ್ನೂ ಒಂದೇ ದಿನ ತೋರ್ಸಿದ್ರೆ ನೀವೇನೂ ವಿವರಣೆ ಕೊಡೋದು ಬೇಕಾಗಲ್ಲ.

ಈಗ ನಿಮ್ಮನೆ ಪಟ. ದಯವಿಟ್ಟು ಒರೆಸ್ಬೇಡಿ. ಒದ್ದೆ ಬಟ್ಟೆ ಅಂತೂ ಹತ್ರ ಸುಳೀಬಾರದು, ಯಾಕಂದ್ರೆ ಈ ಬಣ್ಣ ಹಿಡಿದಿರೋದು ಗೋಂದಲ್ಲಿ, ನೀರು ಸೋಕಿದ್ರೆ ಬಣ್ಣ ಬಟ್ಟೆಗೆ ಬಂದ್ಬಿಡುತ್ತೆ. ನಂಗೆ ಗೊತ್ತಿರೋ ಒಂದು ಮನೇಲಿ ಹಬ್ಬಕ್ಕೆ ಅಂತ ಗಾಜು ತೆಗೆದು ಒಳಗೂ ಒರೆಸಿದ್ರು, ಲಕ್ಷ್ಮಿ ಮುಖದ ಅರ್ಧ ಹೋಯ್ತು, ನನ್ನ ಹತ್ರ ತಂದಾಗ ಆ ಯಜಮಾನಿ ಅಳ್ತಾ ಇದ್ರು, ನಾನು ಏನು ಮಾಡ್ಲಿ ಹೇಳಿ.

ಕಪ್ಪು ಎಲ್ಲಿ ಆಗಿದೆ ಅನ್ನೋದು ಮುಖ್ಯ. ಅಪ್ಪಟ ಚಿನ್ನದ ರೇಕು ಕಪ್ಪಾಗಲ್ಲ, ನೂರು ವರ್ಷ ಆದ್ರೂ ಆಗಲ್ಲ. ಚಿನ್ನದ ಜಾಗವೇ ಕಪ್ಪಾಗಿದ್ರೆ ಒಂದೋ ಮೇಲೆ ಕರ್ಪೂರ ದೀಪದ ಮಸಿ ಕೂತಿದೆ, ಇಲ್ಲಾ ಅದು ಚಿನ್ನ ಅಲ್ಲ, ಹಿತ್ತಾಳೆ ರೇಕು. ಬಿಳೀ ಜಾಗ, ಅಂದ್ರೆ ಮುತ್ತಿನ ಸರ, ಋಷಿಗಳ ಗಡ್ಡ, ಚಾಮರ ಇವು ಕಪ್ಪಗೆ ಕಂದಾಗಿದ್ರೆ ಅದು ಸೀಸದ ಸಫೇದ, ಗಾಳೀಲಿರೋ ಗಂಧಕ ಸೇರಿ ಹಾಗಾಗುತ್ತೆ, ಪಟ ಹಳೇದು ಅನ್ನೋಕೆ ಅದೂ ಒಂದು ಸುಳಿವು. ಮೊದಲು ಅದು ಕೈ ಬರಹವೋ ಪ್ರಿಂಟೋ ನೋಡ್ಕೊಳಿ. ಗಾಜಿನ ಮೇಲಿಂದಲೇ ಭೂತಗನ್ನಡಿ ಹಿಡೀರಿ, ಚುಕ್ಕಿ ಚುಕ್ಕಿ ಕಂಡ್ರೆ ಪ್ರಿಂಟು, ಬ್ರಶ್ಶಿನ ಗೆರೆ, ಉಬ್ಬು ಕಂಡ್ರೆ ಕೈ ಕೆಲಸ. ಹಳೇ ಪ್ರಿಂಟಿಗೆ ಚಮ್ಕಿ ಜರಿ ಹೊಲಿದು ಅಲಂಕಾರ ಮಾಡೋ ರೂಢಿ ಇತ್ತು, ಹಾಗಾಗಿ ಹೊಳಪು ಕಂಡು ಮೋಸ ಹೋಗ್ಬೇಡಿ. ಪ್ರಿಂಟೇ ಆದ್ರೂ ಬೇಜಾರು ಬೇಡ, ಮಾವನವರ ತಾತ ಕೈ ಮುಗಿದ ಪಟ ಅಲ್ವಾ.

ಕೈ ಬರಹ ಆದ್ರೆ ದೀಪದ ನೇರಕ್ಕೆ ಇಟ್ಟಿರೋದನ್ನ ಸ್ವಲ್ಪ ಸರಿಸಿ, ಕರ್ಪೂರದ ಹೊಗೆ ತಾಗದ ಹಾಗೆ. ಹೊರಗೋಡೆಗೆ ತೂಗುಹಾಕಿದ್ರೆ ಮಳೆಗಾಲದ ತೇವ ಹಿಂದಿಂದ ಏರುತ್ತೆ, ಒಳಗೋಡೆಗೆ ಬದಲಾಯ್ಸಿ. ಗಾಜು ಚಿತ್ರಕ್ಕೆ ನೇರ ಅಂಟ್ಕೊಂಡಿದ್ರೆ ನೀವಾಗೇ ಕೀಳೋಕೆ ಹೋಗ್ಬೇಡಿ, ಬಣ್ಣ ಗಾಜಿನ ಜೊತೆ ಎದ್ದು ಬರುತ್ತೆ. ಹಿಂದೆ ಗೆದ್ದಲು, ಸಿಲ್ವರ್‌ಫಿಶ್ ಇದ್ಯಾ ನೋಡಿ. ಲ್ಯಾಮಿನೇಶನ್ ಮಾಡಿಸ್ಕೊಡ್ತೀವಿ ಅನ್ನೋ ಅಂಗಡಿ ಕಡೆ ತಲೆ ಹಾಕಿ ಮಲಗ್ಬೇಡಿ. ರಿಪೇರಿ ಬೇಕು ಅನ್ಸಿದ್ರೆ ಬೆಂಗಳೂರಿನ ಚಿತ್ರಕಲಾ ಪರಿಷತ್ತಲ್ಲಿ ಇಂಟ್ಯಾಕ್ ಅನ್ನೋ ಪರಂಪರೆ ಉಳಿಸೋ ಸಂಸ್ಥೆಯವರ ಸಂರಕ್ಷಣಾ ಕೇಂದ್ರ ಇದೆ, ಅಂಥ ತರಬೇತಿ ಇರೋರಿಗೇ ಕೊಡ್ಬೇಕು. ನಮ್ಮಂಥ ಚಿತ್ರ ಬರೆಯೋರಿಗೂ ಕೊಡ್ಬೇಡಿ, ನಮಗೆ ಕೈ ಸುಮ್ನಿರಲ್ಲ, ಹೊಸದಾಗಿ ಬಣ್ಣ ಹಚ್ಬಿಡ್ತೀವಿ.

ಆ ಮನುಷ್ಯ ಎರಡು ಸಲ ಬಂದು ಕೇಳಿದ್ದಾನೆ ಅಂದ್ರೆ ಅವನಿಗೆ ಏನೋ ಗೊತ್ತಿದೆ. ಅವಸರ ಮಾಡ್ಬೇಡಿ. ನೂರು ವರ್ಷ ದಾಟಿದ ಚಿತ್ರ 1972ರ ಕಾಯ್ದೆ ಪ್ರಕಾರ ಪುರಾತನ ವಸ್ತು ಅನ್ನಿಸ್ಕೊಳ್ಳುತ್ತೆ, ಅದನ್ನ ದೇಶದಿಂದ ಆಚೆ ಮಾರೋ ಹಾಗಿಲ್ಲ, ಮನೇಲಿ ಇಟ್ಕೊಳೋಕೂ ನೋಂದಣಿ ಅಂತ ಒಂದು ಇದೆ. ಮಾರೋದು ಬಿಡೋದು ನಿಮ್ಮನೆ ಮಾತು, ಆದ್ರೆ ಅದಕ್ಕೂ ಮುಂಚೆ ಹಗಲು ಬೆಳಕಲ್ಲಿ ಒಂದು ಫೋಟೋ ತೆಗ್ದಿಟ್ಕೊಳಿ, ಮುಂದೆ ಒಂದು, ಓರೆಯಾಗಿ ಒಂದು, ಹಿಂದೆ ಒಂದು. ಹಿಂದಿನ ಹಲಗೆ ಮೇಲೆ ಎಷ್ಟೋ ಸಲ ಬರೆಸಿದೋರ ಹೆಸರೋ ಫ್ರೇಮ್ ಹಾಕಿದ ಅಂಗಡಿ ಚೀಟಿಯೋ ಇರುತ್ತೆ. ಆಮೇಲೆ ಅತ್ತೆನ ಮುಂದೆ ಕೂರ್ಸ್ಕೊಂಡು ಶ್ಲೋಕ ಹೇಳ್ಸಿ, ನಿಮ್ಮನೆ ಪಟದಲ್ಲಿ ಹನುಮಂತನ ಕೈಲಿ ಪುಸ್ತಕ ಇದ್ಯಾ, ಬರೀ ಕೈ ಮುಗಿದು ಕೂತಿದ್ದಾನಾ ನೋಡಿ ನಂಗೆ ಬರೀರಿ.